ಚೆಂಡನ್ನು ನೇರ ಕಳಿಸುವುದು: ಜಾನಿ ವಿಲ್ಕಿನ್ಸನ್ ಕ್ರಮದಲ್ಲಿ ರಗ್ಬಿ ಗೋಲ್ ಕಿಕ್

ಇಂಗ್ಲೆಂಡಿನ ಫ್ಲೈ ಹಾಫ್ (ತಂಡದ ಆಟ ನಡೆಸುವ ಆಟಗಾರ) ಜಾನಿ ವಿಲ್ಕಿನ್ಸನ್ 1998ರಿಂದ 2011ರವರೆಗೆ ದೇಶಕ್ಕಾಗಿ 91 ಟೆಸ್ಟ್ ಆಡಿ 1,179 ಅಂಕ ಗಳಿಸಿದರು. ಬ್ರಿಟನ್-ಐರ್ಲೆಂಡಿನ ಜಂಟಿ ತಂಡವಾದ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ಪರ ಆಡಿದ ಆರು ಟೆಸ್ಟ್‌ಗಳ 67 ಅಂಕ ಬೇರೆ. ವಿಶ್ವಕಪ್ ಪಂದ್ಯಗಳಲ್ಲೇ 277. ಟ್ರೈಗಳಿಂದ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದರಿಂದ) ಬಂದದ್ದು ಇದರಲ್ಲಿ ತೀರಾ ಸಣ್ಣ ಪಾಲು, ಮಿಕ್ಕಿದ್ದೆಲ್ಲ ಕಾಲಿನ ಗಳಿಕೆ. ಅವರಿಗಿಂತ ದೂರ ಒದೆಯಬಲ್ಲವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರ ವಿಶೇಷ ಇದ್ದದ್ದು ಕಾಲನ್ನು ಬೀಸುವ ದಾರಿಯಲ್ಲಿ. ಕಿಕಿಂಗ್ ಕೋಚ್ ಡೇವ್ ಆಲ್‌ರೆಡ್ ಜೊತೆ ವರ್ಷಗಟ್ಟಲೆ ಕೂತು ತಿದ್ದಿಕೊಂಡ ಆ ದಾರಿಯನ್ನು ಹೊಸಬರೂ ಕಲಿಯಬಹುದು.

ಮುಂದೆ ಬರುವುದೆಲ್ಲ ಬಲಗಾಲಿನವರಿಗೆ ಬರೆದದ್ದು. ವಿಲ್ಕಿನ್ಸನ್ ಎಡಗಾಲಿನವರು, ಹಾಗಾಗಿ ಅವರ ವಿಡಿಯೊ ನೋಡುವಾಗ ಎಡ-ಬಲ ಅದಲುಬದಲು ಮಾಡಿಕೊಳ್ಳಿ.

ಚೆಂಡು, ಟೀ, ನೆಲ

ದೊಡ್ಡವರ ಆಟಕ್ಕೆ 5ನೇ ಸೈಜಿನ ಚೆಂಡು: ಉದ್ದ 28ರಿಂದ 30 ಸೆಂ.ಮೀ., ತೂಕ 410ರಿಂದ 460 ಗ್ರಾಂ. 10ರಿಂದ 14 ವರ್ಷದ ಮಕ್ಕಳಿಗೆ 4ನೇ ಸೈಜು ಸಾಕು. ದೊಡ್ಡ ಚೆಂಡು ಕೊಟ್ಟರೆ ದೂರ ತಲುಪಿಸುವ ಹಟದಲ್ಲಿ ಮೈ ಹಿಂದಕ್ಕೆ ವಾಲಿಸಿ ಒದೆಯಲು ಶುರುಮಾಡುತ್ತಾರೆ, ಆ ಚಾಳಿ ಬಿಡಿಸುವುದು ಕಷ್ಟ. ಗಾಳಿಯ ಒತ್ತಡ ನಿಯಮದ ಪ್ರಕಾರ 9.5ರಿಂದ 10 ಪಿಎಸ್‌ಐ. ಗೇಜ್ ಇರುವ ಪಂಪ್ ಒಂದನ್ನು ಕಿಟ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಬೆರಳಲ್ಲಿ ಒತ್ತಿ ನೋಡಿದರೆ 7 ಪಿಎಸ್‌ಐ ಚೆಂಡೂ ಗಟ್ಟಿಯಾಗೇ ಇದೆ ಅನಿಸುತ್ತದೆ, ಒದ್ದಾಗ ಮಾತ್ರ ಮೊದಲೇ ಸತ್ತು ಬೀಳುತ್ತದೆ.

ಚೆಂಡಿನಿಂದ ಚೆಂಡಿಗೆ ವ್ಯತ್ಯಾಸ ಇದ್ದೇ ಇದೆ. 2011ರ ನ್ಯೂಜಿಲೆಂಡ್ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧದ ಮೊದಲ ಪಂದ್ಯದಲ್ಲೇ ವಿಲ್ಕಿನ್ಸನ್‌ಗೆ ಐದು ಕಿಕ್ ತಪ್ಪಿದವು. ಆಮೇಲೆ ರೊಮೇನಿಯಾ ಎದುರಿನ ಪಂದ್ಯದಲ್ಲಿ ಟ್ರೈ ಆದ ಮೇಲೆ ಸಿಗುವ ಗೋಲ್ ಕಿಕ್‌ಗೆ, ಅಂದರೆ ಕನ್ವರ್ಷನ್‌ಗೆ ಚೆಂಡು ಬದಲಿಸಿದ್ದಕ್ಕಾಗಿ ಆಲ್‌ರೆಡ್ ಸೇರಿ ಇಂಗ್ಲೆಂಡಿನ ಇಬ್ಬರು ಸಿಬ್ಬಂದಿಯನ್ನು ಮುಂದಿನ ಪಂದ್ಯಕ್ಕೆ ಹೊರಗಿಡಲಾಯಿತು. ಟ್ರೈ ಆದ ಚೆಂಡಿನಲ್ಲೇ ಕನ್ವರ್ಷನ್ ಒದೆಯಬೇಕು ಅನ್ನುವುದು ನಿಯಮ, ಚೆಂಡು ಕೆಟ್ಟಿದ್ದರೆ ಮಾತ್ರ ವಿನಾಯಿತಿ. ಆದ್ದರಿಂದ ಅಭ್ಯಾಸದಲ್ಲಿ ಒಂದೇ ಮುದ್ದಿನ ಚೆಂಡು ಬೇಡ. ಹೊಸದು, ಹಳೆಯದು, ತೊಯ್ದದ್ದು, ಸ್ವಲ್ಪ ಉಬ್ಬಿದ್ದು ಎಲ್ಲವನ್ನೂ ಬೆರೆಸಿ ಒದೆಯಿರಿ.

ಟೀ, ಅಂದರೆ ಚೆಂಡು ಕೂರಿಸುವ ಪುಟ್ಟ ಪೀಠದ ವಿಚಾರದಲ್ಲಿ ಕಡಿಮೆ ಎತ್ತರದ್ದೇ ಕಲಿಯಲು ಒಳ್ಳೆಯದು. ಎತ್ತರದ ಟೀ ಮೇಲೆ ಚೆಂಡಿನ ಕೆಳಗೆ ಕಾಲು ತೂರಿಸುವುದು ಸುಲಭ. ಒಡನೆಯೇ ಫಲ ಸಿಗುತ್ತದೆ, ಆದರೆ ಚೆಂಡು ಆಕಾಶಕ್ಕೆ ಏರುವುದೇ ಹೊರತು ಮುಂದಕ್ಕೆ ತಳ್ಳಿಸಿಕೊಳ್ಳುವುದಿಲ್ಲ. ನೆಲ ನಮ್ಮ ಕಡೆಯ ಬಿರುಸು ಕೆಮ್ಮಣ್ಣಾಗಿದ್ದರೆ ಉದ್ದದ ಲೋಹದ ಸ್ಟಡ್ ಬೇಡ. ಊರುವ ಕಾಲು ಕಚ್ಚಿಕೊಳ್ಳದೆ ಜಾರುತ್ತದೆ, ಆ ಜಾರಿಕೆಯ ಏಟು ಮಂಡಿಗೆ. ಗಿಡ್ಡ ರಬ್ಬರ್ ಸ್ಟಡ್ ಬೂಟು ಹಾಕಿ.

ಎಲ್ಲಿಂದ ಒದೆಯಬೇಕು

ಎರಡು ಕಂಬಗಳ ನಡುವೆ 5.6 ಮೀಟರ್, ಅಡ್ಡಪಟ್ಟಿ 3 ಮೀಟರ್ ಎತ್ತರದಲ್ಲಿ. ಚೆಂಡು ಕಂಬಗಳ ನಡುವೆ, ಈ ಪಟ್ಟಿಯ ಮೇಲಿಂದ ಹೋಗಬೇಕು. ನೇರ ಎದುರಿನಲ್ಲಿ 22 ಮೀಟರ್ ದೂರದಿಂದ ನೋಡಿದರೆ ಕಂಬಗಳ ನಡುವಿನ ಕೋನ ಸುಮಾರು 14.5 ಡಿಗ್ರಿ. 40 ಮೀಟರಿಗೆ ಹೋದರೆ 8 ಡಿಗ್ರಿ, ಅಂದರೆ ನಡುವಿಗೆ ಗುರಿಯಿಟ್ಟಾಗ ಆಚೆಗೆ 4, ಈಚೆಗೆ 4.

ಪೆನಾಲ್ಟಿಯಲ್ಲಿ ಎದುರಾಳಿಯ ತಪ್ಪು ನಡೆದ ಜಾಗವೇ ಗತಿ, ಬೇಕಿದ್ದರೆ ಅದೇ ಗೆರೆಯಲ್ಲಿ ಹಿಂದೆ ಸರಿಯಬಹುದು. ಒಮ್ಮೆ ಗೋಲಿಗೆ ಒದೆಯುತ್ತೇವೆಂದು ರೆಫರಿಗೆ ಹೇಳಿದರೆ ಮಾತು ಬದಲಿಸುವಂತಿಲ್ಲ. ಕನ್ವರ್ಷನ್‌ನಲ್ಲಿ ಟ್ರೈ ಆದ ಬಿಂದುವಿನ ನೇರಕ್ಕೆ ಎಷ್ಟು ಹಿಂದಕ್ಕೆ ಬೇಕಾದರೂ ಹೋಗಬಹುದು. ಇಲ್ಲೇ ಹೊಸಬರು ಎಡವುವುದು. ಟ್ರೈ ಮೂಲೆಯಲ್ಲಾದರೆ ತೀರಾ ಹಿಂದೆ ಹೋದಷ್ಟೂ ಕೋನ ಅಗಲವಾಗುತ್ತದೆಂದು ನಂಬುತ್ತಾರೆ. ಲೆಕ್ಕ ಹಾಕಿ ನೋಡಿ: ಕಂಬಗಳ ನಡುವಿನಿಂದ 35 ಮೀಟರ್ ಪಕ್ಕದಲ್ಲಿ, ಗೋಲ್ ಗೆರೆಯಿಂದ 22 ಮೀಟರ್ ಹಿಂದೆ ನಿಂತರೆ ಕೋನ 4.1 ಡಿಗ್ರಿ, ದೂರ 41 ಮೀಟರ್. 35 ಮೀಟರ್ ಹಿಂದಕ್ಕೆ ಹೋದರೆ ಕೋನ 4.6 ಡಿಗ್ರಿ, ದೂರ 49 ಮೀಟರ್. ಅರ್ಧ ಡಿಗ್ರಿಯ ಆಸೆಗೆ ಎಂಟು ಮೀಟರ್ ಕಳೆದುಕೊಂಡಂತಾಯಿತು. ನಡುವಿನಿಂದ 15 ಮೀಟರ್ ಪಕ್ಕದ ಟ್ರೈಗೂ 22 ಮೀಟರ್ ಗೆರೆಯ (ಗೋಲ್ ಗೆರೆಯಿಂದ 22 ಮೀಟರಿಗೆ ಎಳೆದ ಗೆರೆ) ಸುತ್ತಮುತ್ತ ನಿಂತರೆ ಸುಮಾರು 10 ಡಿಗ್ರಿ ಸಿಗುತ್ತದೆ, ಇದು ಗರಿಷ್ಠಕ್ಕಿಂತ ಒಂದು ಡಿಗ್ರಿಯೂ ಕಡಿಮೆಯಲ್ಲ. ಹಾಗಾಗಿ ಕನ್ವರ್ಷನ್ ಯಾವ ಕಡೆಯದಾದರೂ 22ರ ಗೆರೆಯ ಹತ್ತಿರ ಒಂದು ಕಾಯಂ ದೂರ ಹಿಡಿದು ಅದನ್ನೇ ರೂಢಿ ಮಾಡಿಕೊಳ್ಳಿ. ತೀರಾ ಮುಂದೆ ನಿಂತರೆ ಇನ್ನೊಂದು ಅಪಾಯವಿದೆ. ಒದೆಯುವವರು ಓಟ ಶುರುಮಾಡಿದ ಕೂಡಲೇ ಗೋಲ್ ಗೆರೆಯ ಹಿಂದಿರುವ ಎದುರಾಳಿಗಳು ಚೆಂಡಿನ ಮೇಲೆ ನುಗ್ಗಬಹುದು. ಪೆನಾಲ್ಟಿಯಲ್ಲಿ ಅವರು ಕದಲುವಂತಿಲ್ಲ.

ಚೆಂಡು ಕೂರಿಸಿ ಹೆಜ್ಜೆ ಅಳೆಯುವುದು

ಚೆಂಡನ್ನು ಹೆಚ್ಚುಕಡಿಮೆ ನೆಟ್ಟಗೆ, ತುದಿ ತುಸು ಗೋಲಿನ ಕಡೆ ಬಾಗುವಂತೆ ಕೂರಿಸಿ. ಚೆಂಡಿನ ಒಂದು ಹೊಲಿಗೆ ಗೆರೆ ಗುರಿಯತ್ತ ನೋಡುತ್ತಿರಲಿ, ಅದೇ ನಿಮ್ಮ ಬಂದೂಕಿನ ಗುರಿಮೊನೆ. ವಾಲ್ವ್ ಕಾಲು ತಾಗುವ ಕಡೆ ಬರಬಾರದು. ಆ ಜಾಗ ಗಡುಸು, ಅಲ್ಲಿ ಬಿದ್ದ ಏಟು ಸಮನಾಗಿ ಹರಡುವುದಿಲ್ಲ. ಕಾಲು ತಾಗಬೇಕಾದದ್ದು ತಳದಿಂದ ಮೂರನೇ ಒಂದು ಭಾಗ ಮೇಲೆ. ಟೀ ಪಕ್ಕ ಮಂಡಿಯೂರಿದಾಗ ಆ ಚುಕ್ಕೆಯನ್ನು ಕಣ್ಣಲ್ಲಿ ತುಂಬಿಕೊಂಡೇ ಏಳಿ.

ಒದೆಯುವ ಕಾಲನ್ನು ಚೆಂಡಿನ ಹಿಂದಿಟ್ಟು ನಿಂತು, ಗುರಿಯ ಗೆರೆಯಲ್ಲೇ ಹಿಂದಕ್ಕೆ ನಾಲ್ಕು ಹೆಜ್ಜೆ. ಅಲ್ಲಿಂದ ಎಡಕ್ಕೆ ಎರಡು ಹೆಜ್ಜೆ. ಹೆಜ್ಜೆಯ ಲೆಕ್ಕ ಒಬ್ಬೊಬ್ಬರದು ಒಂದೊಂದು, ಮೂರಾದರೂ ಸರಿ ಐದಾದರೂ ಸರಿ, ದಿನದಿಂದ ದಿನಕ್ಕೆ ಬದಲಾಗದಿದ್ದರಾಯಿತು. ಪಕ್ಕದ ಹೆಜ್ಜೆ ಮಾತ್ರ ಜಾಸ್ತಿಯಾಗಬಾರದು. ಮೂರು-ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದವರು ಚೆಂಡಿನ ಸುತ್ತ ಬಳಸಿ ಬರಲೇಬೇಕಾಗುತ್ತದೆ.

ಪೆನಾಲ್ಟಿಗೆ ಸಿಗುವುದು 60 ಸೆಕೆಂಡು. ಕನ್ವರ್ಷನ್‌ಗೆ ಮೊದಲಿದ್ದ 90 ಸೆಕೆಂಡನ್ನೂ ಈಗ 60ಕ್ಕೆ ಇಳಿಸಿದ್ದಾರೆ. ಟೀ ಇಡುವುದರಿಂದ ಒದೆಯುವವರೆಗಿನ ನಿಮ್ಮ ಕ್ರಮ 40 ಸೆಕೆಂಡಿನೊಳಗೆ ಮುಗಿಯುವಂತಿರಲಿ. ಗಾಳಿಗೆ ಚೆಂಡು ಉರುಳಿದರೆ ಮತ್ತೆ ಕೂರಿಸಲು ಸಮಯ ಬೇಕು. ಓಟ ಆರಂಭಿಸಿದ ಮೇಲೆ ಉರುಳಿದರಂತೂ ಹಾಗೇ ಒದೆಯಬೇಕು, ಇಲ್ಲವೇ ಎತ್ತಿಕೊಂಡು ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು ಏಳುವಾಗ ಒದೆಯುವುದು) ಪ್ರಯತ್ನಿಸಬೇಕು.

ಒದೆತ

ಕಾಲನ್ನು ಮೈಸುತ್ತ ಅರ್ಧಚಂದ್ರದಂತೆ ಬೀಸುವುದು ಎಲ್ಲರಿಗೂ ಸಹಜವಾಗಿ ಬರುತ್ತದೆ. ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರ. ಆಲ್‌ರೆಡ್ ಮತ್ತು ವಿಲ್ಕಿನ್ಸನ್ ಕಟ್ಟಿದ್ದು ‘ಜೆ’ ಆಕಾರ: ಕಾಲು ಒಂದಿಷ್ಟು ಬಾಗಿ ಬಂದು, ಚೆಂಡನ್ನು ತಲುಪುವ ಹೊತ್ತಿಗೆ ಗುರಿಯ ಗೆರೆಯ ಮೇಲೇ ಇದ್ದು, ತಾಗಿದ ಮೇಲೂ ಅದೇ ಗೆರೆಯಲ್ಲಿ ಮುಂದುವರಿಯುತ್ತದೆ. ಕ್ರಿಕೆಟ್ಟಿನಲ್ಲಿ ನೇರ ಬ್ಯಾಟಿಗೂ ಅಡ್ಡ ಬ್ಯಾಟಿಗೂ ಇರುವ ವ್ಯತ್ಯಾಸವೇ ಇಲ್ಲಿಯದೂ. ಅರ್ಧಚಂದ್ರದ ಬೀಸಿನಲ್ಲಿ ಪಾದ ಗುರಿಯ ಗೆರೆಯ ಮೇಲಿರುವುದು ಒಂದೇ ಒಂದು ಕ್ಷಣ, ಕಾಲು ಕೂದಲೆಳೆಯಷ್ಟು ಬೇಗ ಬಂದರೆ ಬಲಕ್ಕೆ, ತಡವಾದರೆ ಎಡಕ್ಕೆ. ‘ಜೆ’ಯಲ್ಲಿ ಆ ಗೆರೆಯ ಮೇಲೆ ಪಾದ ಹೆಚ್ಚು ದೂರ ಸಾಗುವುದರಿಂದ ಸಮಯದ ಸಣ್ಣ ತಪ್ಪು ದಿಕ್ಕಿನ ತಪ್ಪಾಗುವುದಿಲ್ಲ.

ಓಟ ನಿಧಾನವಾಗಿ ಶುರುವಾಗಿ ಕೊನೆಯ ಹೆಜ್ಜೆ ಎಲ್ಲಕ್ಕಿಂತ ಉದ್ದವಾಗಿರಲಿ. ಆ ಕೊನೆಯ ಹೆಜ್ಜೆಯಲ್ಲಿ ಎಡಪಾದ, ಅಂದರೆ ಊರುಗಾಲು, ಚೆಂಡಿನ ಪಕ್ಕಕ್ಕೆ 20ರಿಂದ 30 ಸೆಂ.ಮೀ. ಅಂತರದಲ್ಲಿ, ಚೆಂಡಿಗಿಂತ ಕೊಂಚ ಹಿಂದೆ ಇಳಿಯಬೇಕು. ಅದರ ಹೆಬ್ಬೆರಳು ಗುರಿಯತ್ತ ನೋಡಬೇಕು, ಮಂಡಿ ಸ್ವಲ್ಪ ಮಡಚಿರಬೇಕು. ಇಡೀ ಕಿಕ್ಕಿನಲ್ಲಿ ಅತಿ ಹೆಚ್ಚು ಕೆಡುವುದು ಈ ಒಂದು ಹೆಜ್ಜೆ, ಕೋಚ್‌ಗಳು ಅತಿ ಕಡಿಮೆ ನೋಡುವುದೂ ಇದನ್ನೇ, ಏಕೆಂದರೆ ಎಲ್ಲರ ಕಣ್ಣೂ ಒದೆಯುವ ಕಾಲಿನ ಮೇಲಿರುತ್ತದೆ. ಟೀ ಪಕ್ಕದ ನೆಲಕ್ಕೆ ಸುಣ್ಣದ ಪುಡಿ ಎರಚಿ ಹತ್ತು ಕಿಕ್ ಒದೆಯಿರಿ. ಹತ್ತು ಹೆಜ್ಜೆಗುರುತೂ ಒಂದರ ಮೇಲೊಂದು ಬಿದ್ದಿದ್ದರೆ ಅರ್ಧ ಕೆಲಸ ಆದಂತೆ.

ತಾಗುವಾಗ ಪಾದ ಗಟ್ಟಿಯಾಗಿರಬೇಕು. ಬೆರಳುಗಳನ್ನು ಬೂಟಿನೊಳಗೆ ಕೆಳಕ್ಕೆ ಚಾಚಿ ಪಾದದ ಕೀಲನ್ನು ಬಿಗಿ ಹಿಡಿಯಿರಿ. ಹೆಬ್ಬೆರಳಿನ ಬುಡದಿಂದ ಮೇಲಕ್ಕೆ ಹೋಗುವ ಎಲುಬು, ಲೇಸ್ ಗಂಟಿನ ಒಳಬದಿಗೆ ಬರುವ ಆ ಉಬ್ಬು, ಚೆಂಡಿಗೆ ತಾಗಬೇಕು. ಕೀಲು ಸಡಿಲವಿದ್ದರೆ ಚೆಂಡಿಗೆ ಹೋಗಬೇಕಾದ ಶಕ್ತಿ ಪಾದವನ್ನು ಹಿಂದಕ್ಕೆ ಮಡಚುವುದರಲ್ಲೇ ಕಳೆದುಹೋಗುತ್ತದೆ. ಸದ್ದಿನಿಂದಲೂ ತಿಳಿಯುತ್ತದೆ: ಒಳ್ಳೆಯ ಏಟು ‘ಧಬ್’ ಎಂದು ಗುಂಡಗೆ ಕೇಳುತ್ತದೆ, ಬೆರಳ ತುದಿಗೆ ತಾಗಿದ್ದು ‘ಚಟ್’ ಅನ್ನುತ್ತದೆ.

ಎಡಗೈ ಅಗಲಕ್ಕೆ ಚಾಚಿ ಸೊಂಟ ತಿರುಗುವುದನ್ನು ತಡೆಯಲಿ. ಗಲ್ಲ ಕೆಳಗೆ, ಕಣ್ಣು ಆ ಚುಕ್ಕೆಯ ಮೇಲೆ, ಚೆಂಡು ಹೋದ ಮೇಲೂ ಒಂದು ಕ್ಷಣ ಟೀ ಕಡೆಗೇ ಇರಲಿ. ಆಮೇಲೆ ಇಡೀ ಮೈ ಚೆಂಡಿನ ಹಿಂದೆಯೇ ನಡೆದುಹೋಗಬೇಕು. ಒದ್ದ ಕಾಲು ಎಡಭುಜದ ಕಡೆ ಏರಿ ನೀವು ಪಕ್ಕಕ್ಕೆ ಸುತ್ತಿಕೊಂಡರೆ ಬೀಸಿದ್ದೀರಿ. ಒದ್ದ ಕಾಲೇ ಮುಂದಿನ ಹೆಜ್ಜೆಯಾಗಿ ಗುರಿಯ ಗೆರೆಯ ಮೇಲೆ ಇಳಿದರೆ ದಾರಿ ಸರಿಯಾಗಿದೆ.

ಇದನ್ನು ಪರೀಕ್ಷಿಸಲು ಕಂಬಗಳ ಎದುರು ನಿಲ್ಲುವುದಕ್ಕಿಂತ ಒಂದೇ ಕಂಬಕ್ಕೆ ಗುರಿಯಿಡುವುದು ಉತ್ತಮ. ಗೋಲ್ ಗೆರೆಯ ಮೇಲೇ, ಕಂಬಗಳ ಪಕ್ಕಕ್ಕೆ ಚೆಂಡಿಟ್ಟರೆ ಎರಡೂ ಕಂಬ ಒಂದರ ಹಿಂದೊಂದು ಬಂದು ಒಂದೇ ಕೋಲಿನಂತೆ ಕಾಣುತ್ತವೆ. ಅದಕ್ಕೆ 20 ಮೀಟರ್ ದೂರದಿಂದ ಒದೆಯಿರಿ. ಅಲ್ಲಿ ‘ಒಳಗೆ ಹೋಯಿತು’ ಎಂಬ ಸಮಾಧಾನ ಸಿಗುವುದಿಲ್ಲ, ಎಡಕ್ಕೆಷ್ಟು ಬಲಕ್ಕೆಷ್ಟು ಎಂಬುದು ಮಾತ್ರ ಕಣ್ಣಿಗೆ ಬೀಳುತ್ತದೆ.

ತಪ್ಪಿದ ಚೆಂಡು ಏನು ಹೇಳುತ್ತದೆ

ನೇರ ಹೊರಟು ಕೊನೆಯಲ್ಲಿ ಎಡಕ್ಕೆ ಎಳೆದುಕೊಂಡರೆ ಸೊಂಟ ಬೇಗ ತಿರುಗಿದೆ, ಇಲ್ಲವೇ ಊರುಗಾಲು ಚೆಂಡಿನಿಂದ ದೂರ ಬಿದ್ದು ಕಾಲು ಚಾಚಿ ಎಟುಕಿಸಿಕೊಂಡಿದ್ದೀರಿ. ಹೊರಡುವಾಗಲೇ ಬಲಕ್ಕೆ ಹೊರಟರೆ ಊರುಗಾಲು ತೀರಾ ಹತ್ತಿರ ಬಿದ್ದು ಸೊಂಟಕ್ಕೆ ಜಾಗ ಸಿಕ್ಕಿಲ್ಲ, ಅಥವಾ ಊರುಗಾಲಿನ ಬೆರಳು ಬಲಕ್ಕೆ ತಿರುಗಿದೆ. ಎತ್ತರ ಏರಿ ಗಿಡ್ಡ ಬಿದ್ದರೆ ಮೈ ಹಿಂದಕ್ಕೆ ವಾಲಿ ಕಾಲು ತಳಕ್ಕೆ ತಾಗಿದೆ. ತಗ್ಗಿನಲ್ಲಿ ಹೋಗಿ ಅಡ್ಡಪಟ್ಟಿಗೆ ಬಡಿದರೆ ಊರುಗಾಲು ಚೆಂಡನ್ನು ದಾಟಿ ಮುಂದೆ ಬಿದ್ದಿದೆ. ಚೆಂಡು ತುದಿಯಿಂದ ತುದಿಗೆ ಪಲ್ಟಿ ಹೊಡೆಯುವ ಬದಲು ಓರೆಯಾಗಿ ತಿರುಗಿದರೆ ಹೊಲಿಗೆ ಗೆರೆಯ ನಡುವಿಗೆ ಏಟು ಬಿದ್ದಿಲ್ಲ.

ಒಂದು ಸಲ ತಪ್ಪಿದ್ದಕ್ಕೆ ಏನನ್ನೂ ತಿದ್ದಬೇಡಿ. ಒಂದೇ ತಪ್ಪು ಸಾಲಾಗಿ ಬಂದಾಗ ಮಾತ್ರ ತಿದ್ದಿ, ಅದೂ ಊರುಗಾಲಿನಿಂದ ಶುರುಮಾಡಿ. ಇನ್ನು ಗಾಳಿ: ಅಡ್ಡಗಾಳಿಗೆ ಅದು ಬೀಸಿ ಬರುವ ಕಡೆಯ ಕಂಬದತ್ತ ಗುರಿ ಸರಿಸಿ ಅದೇ ಕಿಕ್ ಒದೆಯಿರಿ. ಗಾಳಿಯನ್ನು ಸೀಳಲೆಂದು ಜೋರು ಮಾಡಿದರೆ ಕಾಲು ಮತ್ತೆ ಅರ್ಧಚಂದ್ರಕ್ಕೇ ಹೋಗುತ್ತದೆ.

ತಲೆಯೊಳಗಿನ ಕೆಲಸ

ವಿಲ್ಕಿನ್ಸನ್ ಕೈಗಳೆರಡನ್ನೂ ಎದೆಯ ಮುಂದೆ ಜೋಡಿಸಿ, ಮಂಡಿ ಬಗ್ಗಿಸಿ ನಿಲ್ಲುತ್ತಿದ್ದ ಭಂಗಿಯನ್ನು ಜಗತ್ತಿನ ಮಕ್ಕಳೆಲ್ಲ ನಕಲು ಮಾಡಿದರು. ಅದು ಸುತ್ತಲಿನ ಗದ್ದಲಕ್ಕೆ ಬಾಗಿಲು ಹಾಕಿಕೊಳ್ಳುವ ಅವರ ರೀತಿ, ಅಷ್ಟೇ. ನಿಮಗೆ ಕೈ ಜೋಡಿಸಲೇಬೇಕೆಂದಿಲ್ಲ. ಆದರೆ ಓಟಕ್ಕೆ ಮುಂಚೆ ಸದಾ ಒಂದೇ ರೀತಿ ಮಾಡುವ ಏನಾದರೊಂದು ಬೇಕು: ಒಂದು ಉಸಿರು, ಗುರಿಯ ಕಡೆ ಎರಡು ನೋಟ, ಮತ್ತೆ ಚೆಂಡು.

ನಕಲು ಮಾಡಲು ಯೋಗ್ಯವಾದದ್ದು ಡೋರಿಸ್. ಕಂಬಗಳ ಹಿಂದಿನ ಗ್ಯಾಲರಿಯ ಒಂದು ಸೀಟಿನಲ್ಲಿ ಡೋರಿಸ್ ಎಂಬ ಹೆಂಗಸು ಕೂತಿದ್ದಾಳೆಂದು ಕಲ್ಪಿಸಿಕೊಂಡು, ಚೆಂಡನ್ನು ಅವಳ ಕೈಗೇ ಮುಟ್ಟಿಸುವಂತೆ ಒದೆಯುವುದು. 5.6 ಮೀಟರ್ ಅಗಲದ ಬಾಗಿಲಿಗೆ ಗುರಿಯಿಟ್ಟವರಿಗೆ ಒಂದು ಮೀಟರ್ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಒಬ್ಬಳ ಕೈಗೆ ಗುರಿಯಿಟ್ಟವರಿಗೆ ಒಂದಡಿ ತಪ್ಪಿದ್ದೂ ಗೊತ್ತಾಗುತ್ತದೆ. ಗ್ಯಾಲರಿ ಇಲ್ಲದ ಮೈದಾನದಲ್ಲಿ ತೆಂಗಿನ ಮರ, ನೀರಿನ ಟ್ಯಾಂಕು, ವಿದ್ಯುತ್ ಕಂಬ ಯಾವುದಾದರೂ ಸರಿ, ಕಂಬಗಳಿಂದ ಸಾಕಷ್ಟು ಹಿಂದಿರಬೇಕು.

ಡ್ರಾಪ್ ಕಿಕ್, ಮತ್ತು ಇನ್ನೊಂದು ಕಾಲು

2003ರ ನವೆಂಬರ್ 22, ಸಿಡ್ನಿ. ವಿಶ್ವಕಪ್ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಆಸ್ಟ್ರೇಲಿಯಾದ ಎಲ್ಟನ್ ಫ್ಲಾಟ್ಲಿ ಪೆನಾಲ್ಟಿಯಿಂದ 17-17 ಮಾಡಿದ್ದರು. ಆಮೇಲೆ, ಹೊರಹೋದ ಚೆಂಡನ್ನು ಆಟಗಾರರ ಎರಡು ಸಾಲುಗಳ ನಡುವೆ ಎಸೆದು ಆಟ ಶುರುಮಾಡುವ ಇಂಗ್ಲೆಂಡಿನ ಲೈನ್‌ಔಟ್‌ನಲ್ಲಿ ಸ್ಟೀವ್ ಥಾಂಪ್ಸನ್ ಸಾಲಿನ ಬಾಲಕ್ಕೆ ಎಸೆದ ಚೆಂಡನ್ನು ಲೂಯಿಸ್ ಮೂಡಿ ಹಿಡಿದರು, ಮೈಕ್ ಕ್ಯಾಟ್ ನಡುವಿಗೆ ನುಗ್ಗಿದರು, ಮ್ಯಾಟ್ ಡಾಸನ್ ಸಂದಿನಲ್ಲಿ ತೂರಿ ಮುಂದೆ ಹೋಗಿ ಆಟಗಾರರ ರಾಶಿಯಡಿ ಸಿಕ್ಕಿಕೊಂಡರು. ಪಾಸ್ ಕೊಡಬೇಕಾದ ಡಾಸನ್ ಎದ್ದು ಬರುವವರೆಗೆ ಸಮಯ ಕೊಳ್ಳಲೆಂದು ನಾಯಕ ಮಾರ್ಟಿನ್ ಜಾನ್ಸನ್ ಇನ್ನೊಮ್ಮೆ ನುಗ್ಗಿದರು. ಡ್ರಾಪ್ ಗೋಲ್ ಅನ್ನುವುದು ಒಬ್ಬರ ಕೆಲಸ ಅಲ್ಲ ಅನ್ನಲು ಆ ಒಂದು ನುಗ್ಗು ಸಾಕು. ಆ ಸಂಜೆ ಅದಕ್ಕೆ ಮುಂಚಿನ ಡ್ರಾಪ್ ಪ್ರಯತ್ನಗಳೆಲ್ಲ ತಪ್ಪಿದ್ದ ವಿಲ್ಕಿನ್ಸನ್ ಇದನ್ನು ಬಲಗಾಲಿನಿಂದ, ತಮ್ಮ ಎರಡನೇ ಕಾಲಿನಿಂದ, ಒದ್ದರು. 20-17. ಉಳಿದದ್ದು ಅರ್ಧ ನಿಮಿಷಕ್ಕೂ ಕಡಿಮೆ.

ನಿಯಮ ಸರಳ: ಚೆಂಡನ್ನು ಕೈಬಿಡಬೇಕು, ಅದು ನೆಲಕ್ಕೆ ತಾಗಿ ಏಳುವಾಗ ಒದೆಯಬೇಕು. ಎರಡೂ ಕೈಗಳಲ್ಲಿ ಚೆಂಡನ್ನು ಉದ್ದುದ್ದ ಹಿಡಿದು, ಮೇಲಿನ ತುದಿ ತುಸು ನಿಮ್ಮ ಕಡೆ ವಾಲಿರಲಿ. ಸೊಂಟದ ಎತ್ತರದಿಂದ ಅಥವಾ ಅದಕ್ಕೂ ಕೆಳಗಿನಿಂದ, ಎಸೆಯದೆ, ಎರಡೂ ಕೈ ಒಟ್ಟಿಗೇ ಬಿಡಿಸಿಕೊಂಡು ಬೀಳಲು ಬಿಡಿ. ಒಂದು ಕೈ ಮೊದಲು ಬಿಟ್ಟರೆ ಚೆಂಡು ಗಾಳಿಯಲ್ಲೇ ತಿರುಚಿಕೊಂಡು ಮೊನೆಯ ಬದಲು ಹೊಟ್ಟೆಯ ಮೇಲೆ ಬೀಳುತ್ತದೆ, ಆಗ ಪುಟಿತ ಎತ್ತ ಎಂದು ಹೇಳಲಾಗದು. ನೆಲ ಮುಟ್ಟಿದ ತಕ್ಷಣ ಕಾಲು ಅಲ್ಲಿರಬೇಕು. ಮುಂಚೆಯೇ ತಾಗಿದರೆ ಅದು ಡ್ರಾಪ್ ಕಿಕ್ಕೇ ಅಲ್ಲ, ತಡವಾದರೆ ಏರಿದ ಚೆಂಡು ಮೊಣಕಾಲಿನ ಕೆಳಗಿನ ಎಲುಬಿಗೆ ಬಡಿಯುತ್ತದೆ. ಕಲಿಯುವಾಗ ಮೊದಲು ಒದೆಯಲೇಬೇಡಿ. ಬರೀ ಬಿಟ್ಟು ಹಿಡಿಯಿರಿ: ಚೆಂಡು ನೇರ ನಿಮ್ಮ ಕೈಗೇ ಪುಟಿದು ಬರುವವರೆಗೆ.

ಭಾರತದಲ್ಲಿ ರಗ್ಬಿ ಆಡುವವರಿಗೆ ಈ ಕಿಕ್ ಟೀ ಕಿಕ್‌ಗಿಂತ ಮುಖ್ಯ. ಇಲ್ಲಿ ಹೆಚ್ಚು ನಡೆಯುವುದು ಏಳು ಜನರ ಸೆವೆನ್ಸ್. 2025ರಲ್ಲಿ ಮುಂಬೈಯಲ್ಲಿ ನಡೆದ, ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ ರಗ್ಬಿ ಪ್ರೀಮಿಯರ್ ಲೀಗ್ ಕೂಡ ಸೆವೆನ್ಸೇ. ಸೆವೆನ್ಸ್‌ನಲ್ಲಿ ಕನ್ವರ್ಷನ್ ಟೀ ಮೇಲಿಟ್ಟು ಒದೆಯುವಂತಿಲ್ಲ, ಡ್ರಾಪ್ ಕಿಕ್ಕೇ ಆಗಬೇಕು, ಅದೂ ಟ್ರೈ ಆದ 30 ಸೆಕೆಂಡಿನೊಳಗೆ. ಮೈದಾನದುದ್ದ ಓಡಿ ಟ್ರೈ ಗಳಿಸಿದವರೇ ಏದುಸಿರಿನಲ್ಲಿ ಒದೆಯಬೇಕಾದೀತು. ಅಭ್ಯಾಸವೂ ಹಾಗೇ ಇರಲಿ: 60 ಮೀಟರ್ ಓಟ, ತಕ್ಷಣ ಡ್ರಾಪ್ ಕಿಕ್.

ಎರಡನೇ ಕಾಲಿಗೆ ಪ್ರತಿ ಸಲ ಒಟ್ಟು ಕಿಕ್‌ಗಳ ನಾಲ್ಕನೇ ಒಂದು ಭಾಗ ಕೊಡಿ. ಟೀ ಕಿಕ್‌ಗೆ ಅದು ಬೇಡ, ಡ್ರಾಪ್ ಕಿಕ್‌ಗೆ ಮಾತ್ರ, 15ರಿಂದ 25 ಮೀಟರ್ ಒಳಗೆ.

ಎಷ್ಟು ಒದೆಯಬೇಕು

ಸಾಲಾಗಿ ಆರು ಕಿಕ್ ತಪ್ಪದೆ ಹೋಗುವವರೆಗೆ ಅಭ್ಯಾಸ ಮುಗಿಸುವುದಿಲ್ಲ ಎಂಬ ವಿಲ್ಕಿನ್ಸನ್ ಪಟ್ಟು ಹೆಸರುವಾಸಿ. ಇದನ್ನು ಮಾತ್ರ ಅನುಸರಿಸಬೇಡಿ. ಐದಾದ ಮೇಲೆ ಆರನೆಯದು ತಪ್ಪಿದರೆ ಮತ್ತೆ ಮೊದಲಿನಿಂದ, ದಣಿದ ಕಾಲಿನಲ್ಲಿ. ದಣಿದ ಕಾಲು ಕಲಿಯುವುದು ದಣಿದ ಬೀಸನ್ನೇ.

2003ರ ಫೈನಲ್ ನಂತರ ಅವರು ಮತ್ತೆ ಇಂಗ್ಲೆಂಡ್ ಪರ ಇಳಿದದ್ದು 1,169 ದಿನಗಳಾದ ಮೇಲೆ. ಕುತ್ತಿಗೆ, ತೋಳು, ಮಂಡಿ, ಮೂತ್ರಪಿಂಡ, ಒಂದಾದ ಮೇಲೊಂದು. ಇದರಲ್ಲಿ ಬಹುಪಾಲು ಒದೆಯುವುದರಿಂದ ಆದದ್ದಲ್ಲ, ಫ್ಲೈ ಹಾಫ್ ಆಗಿದ್ದೂ ದೈತ್ಯರನ್ನು ಎದೆಕೊಟ್ಟು ಟ್ಯಾಕಲ್ ಮಾಡುತ್ತಿದ್ದುದರ ಬೆಲೆ. ಮರಳಿದ ಪಂದ್ಯ 2007ರ ಫೆಬ್ರುವರಿ 3ರಂದು ಸ್ಕಾಟ್ಲೆಂಡ್ ವಿರುದ್ಧ: ಒಂದು ಟ್ರೈ, ಎರಡು ಕನ್ವರ್ಷನ್, ಐದು ಪೆನಾಲ್ಟಿ, ಒಂದು ಡ್ರಾಪ್ ಗೋಲ್, ಒಟ್ಟು 27 ಅಂಕ. ಆ ಎರಡು ದೇಶಗಳು ಆಡುವ ಕಲ್ಕತ್ತಾ ಕಪ್ ನಮ್ಮ ಬೆಳ್ಳಿ ರೂಪಾಯಿಗಳಿಂದಲೇ ಆದದ್ದು. 1870ರ ದಶಕದಲ್ಲಿ ಮುಚ್ಚಿಹೋದ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ತನ್ನ ಖಾತೆಯಲ್ಲಿದ್ದ ನಾಣ್ಯ ಕರಗಿಸಿ ಮಾಡಿಸಿದ ಬಟ್ಟಲು ಅದು, ಹಿಡಿಕೆಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 2009ರಲ್ಲಿ ವಿಲ್ಕಿನ್ಸನ್ ನ್ಯೂಕ್ಯಾಸಲ್ ಕ್ಲಬ್ ಬಿಟ್ಟು ಫ್ರಾನ್ಸಿನ ಟೂಲಾನ್ ಸೇರಿದರು. ಅಲ್ಲಿ 2013 ಮತ್ತು 2014ರಲ್ಲಿ ಯುರೋಪಿನ ಹೈನಿಕೆನ್ ಕಪ್, 2014ರ ಮೇ 31ರಂದು ಫ್ರೆಂಚ್ ಲೀಗ್ ಕೂಡ ಗೆದ್ದು, 35 ತುಂಬಿದ ವಾರದಲ್ಲೇ ಆಟ ನಿಲ್ಲಿಸಿದರು.

ಕಿಕ್ ಹೆಚ್ಚಾದಾಗ ಮೊದಲು ಕೂಗುವುದು ತೊಡೆಸಂದು ಮತ್ತು ತೊಡೆಯ ಮುಂಭಾಗದ ಸ್ನಾಯು. ಹೊಸಬರಿಗೆ ವಾರಕ್ಕೆ ಎರಡು ಅಥವಾ ಮೂರು ದಿನ, ದಿನಕ್ಕೆ 25ರಿಂದ 30 ಪೂರ್ಣ ಕಿಕ್ ಸಾಕು. ಹತ್ತು ನಿಮಿಷ ಓಟ, ಕಾಲು ಬೀಸುವ ವ್ಯಾಯಾಮ, ಆಮೇಲೆ 10 ಮೀಟರಿನಿಂದ ಮೆಲ್ಲಗೆ ಐದಾರು, ಪಕ್ಕದ ಕೋನಗಳಿಂದ ಹತ್ತು, ನಿಮ್ಮ ಗರಿಷ್ಠ ದೂರದಿಂದ ಮೂರೋ ನಾಲ್ಕೋ, 22 ಮೀಟರಿನಿಂದ ಹತ್ತು. ದೂರದ ಕಿಕ್ ಕೊನೆಗಿಟ್ಟರೆ ಸುಸ್ತಿನಲ್ಲಿ ಮೈ ವಾಲುತ್ತದೆ, ಹಾಗಾಗಿ ಅದನ್ನು ನಡುವಿಗೇ ಇಟ್ಟು ಸುಲಭದ ಕಿಕ್‌ನಿಂದ ಮುಗಿಸಿ. ಪಂದ್ಯದ ಹಿಂದಿನ ದಿನ ಹತ್ತಕ್ಕಿಂತ ಹೆಚ್ಚು ಬೇಡ. ತೊಡೆಸಂದಿನಲ್ಲಿ ಚುಚ್ಚಿದಂತಾದರೆ ಆ ದಿನದ ಟೀ ಬ್ಯಾಗಿಗೆ ಸೇರಲಿ. ಮರುದಿನ ಬೆಳಗ್ಗೆ ಎರಡು ಮಂಡಿಗಳ ನಡುವೆ ಚೆಂಡಿಟ್ಟು ಅದುಮಿದಾಗ ನೋವಿದ್ದರೆ ಆ ವಾರ ಡ್ರಾಪ್ ಬಿಟ್ಟು ಹಿಡಿಯುವ ಅಭ್ಯಾಸವಷ್ಟೇ. ನೋವು ವಾರ ಕಳೆದರೂ ಇಳಿಯದಿದ್ದರೆ ಫಿಸಿಯೊ ಬಳಿ ಹೋಗಿ.